ಮಾನವ ಭೂಗೋಳದ ಮೂಲ ಪರಿಕಲ್ಪನೆಗಳು: ಜನಸಾಂದ್ರತೆ, ನಿಯತಿವಾದ, ವಲಸೆಗಳನ್ನು ನಮ್ಮ ಜಿಲ್ಲೆಗಳಲ್ಲಿ ಗುರುತಿಸುವುದು ಹೇಗೆ?

ಪ್ರಶ್ನೆ — ಹಾವೇರಿಯ ಅಭ್ಯರ್ಥಿ

ಎಲ್ಲರಿಗೂ ನಮಸ್ಕಾರ. ನಾನು ಪದವಿಯಲ್ಲಿ ವಾಣಿಜ್ಯಶಾಸ್ತ್ರ ಓದಿದವಳು. ಈಗ ಸ್ಪರ್ಧಾತ್ಮಕ ಪರೀಕ್ಷೆಯೊಂದಕ್ಕಾಗಿ ಭೂಗೋಳಶಾಸ್ತ್ರವನ್ನು ಮೊದಲಿನಿಂದ ಓದುತ್ತಿದ್ದೇನೆ. ಶಿಲೆ, ನದಿ, ಮಾನ್ಸೂನುಗಳ ಭಾಗ ಅರ್ಥವಾಯಿತು. ಮಾನವ ಭೂಗೋಳಕ್ಕೆ ಬಂದ ಮೇಲೆ ಮಾತ್ರ ವ್ಯಾಖ್ಯೆಗಳು ಬಾಯಿಪಾಠವಾಗುತ್ತಿವೆಯೇ ಹೊರತು, ಅವುಗಳನ್ನು ಹಿಡಿದು ಒಂದು ಊರನ್ನೋ ಜಿಲ್ಲೆಯನ್ನೋ ನೋಡುವುದು ಸಾಧ್ಯವಾಗುತ್ತಿಲ್ಲ. ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ಜನಸಾಂದ್ರತೆ. 2011ರ ಜನಗಣತಿಯ ಪ್ರಕಾರ ಉತ್ತರ ಕನ್ನಡದ ಸಾಂದ್ರತೆ ಚದರ ಕಿಲೋಮೀಟರಿಗೆ 140. ಕೊಡಗು 135ರೊಂದಿಗೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿದೆ. ಆದರೆ ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿಯಲ್ಲಿ ಹೋದರೆ ಮನೆಗಳ ಸಾಲು ಮುಗಿಯುವುದೇ ಇಲ್ಲ. ವಿರಳ ಜನವಸತಿಯ ಜಿಲ್ಲೆ ಎಂದು ಪುಸ್ತಕ ಹೇಳುವುದನ್ನು ಇದರೊಂದಿಗೆ ಹೇಗೆ ಹೊಂದಿಸಿಕೊಳ್ಳಬೇಕು?

ಎರಡನೆಯದು ನಿಯತಿವಾದ (ಪ್ರಕೃತಿಯೇ ಜನರ ಬದುಕನ್ನು ನಿರ್ಧರಿಸುತ್ತದೆ ಎಂಬ ವಾದ) ಮತ್ತು ಸಾಧ್ಯತಾವಾದ (ಪ್ರಕೃತಿ ಕೊಡುವ ಅವಕಾಶಗಳಲ್ಲಿ ಆರಿಸಿಕೊಳ್ಳುವವರು ಜನರೇ ಎಂಬ ವಾದ). ಜರ್ಮನಿಯ ಭೂಗೋಳಜ್ಞ ರಾಟ್ಜೆಲ್ ಹೀಗೆಂದರು, ಫ್ರಾನ್ಸಿನ ಭೂಗೋಳಜ್ಞ ವಿದಾಲ್ ದ ಲಾ ಬ್ಲಾಷ್ ಹಾಗೆಂದರು ಎಂದು ಬರೆದು ನಿಲ್ಲಿಸುವುದು ನನಗೆ ತೃಪ್ತಿ ಕೊಡುತ್ತಿಲ್ಲ. ಇವೆರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸುವ ಬಗೆ ಇದೆಯೇ?

ಮೂರನೆಯದು, ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2001ರಲ್ಲಿ 11,40,905 ಇದ್ದದ್ದು 2011ರಲ್ಲಿ 11,37,961ಕ್ಕೆ ಇಳಿದಿದೆ. ಯುದ್ಧ, ದೊಡ್ಡ ಸಾಂಕ್ರಾಮಿಕ ಯಾವುದೂ ಇಲ್ಲದೆ ಒಂದು ಜಿಲ್ಲೆಯ ಜನಸಂಖ್ಯೆ ಇಳಿಯುವುದು ಹೇಗೆ?

ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1 — ಭೂಗೋಳ ಉಪನ್ಯಾಸಕಿ, ಧಾರವಾಡ

ಜನಸಾಂದ್ರತೆ ಒಂದು ಭಾಗಾಕಾರ. ಜನಸಂಖ್ಯೆ ಭಾಜ್ಯ, ವಿಸ್ತೀರ್ಣ ಭಾಜಕ. ಭಾಜ್ಯದ ಮೇಲೆ ಎಲ್ಲರ ಕಣ್ಣೂ ಇರುತ್ತದೆ. ಭಾಜಕ ಯಾವುದು ಎಂದು ಕೇಳುವವರು ಕಡಿಮೆ. ಉತ್ತರ ಕನ್ನಡದ 14,37,169 ಜನರನ್ನು 10,291 ಚದರ ಕಿಲೋಮೀಟರಿನಿಂದ ಭಾಗಿಸಿದಾಗ 140 ಬರುತ್ತದೆ. ಆ 10,291ರಲ್ಲಿ ಕಾಳಿ ಕಣಿವೆಯ ದಟ್ಟ ಕಾಡು, ಜಲಾಶಯಗಳು, ಘಟ್ಟದ ಕಡಿದಾದ ಇಳಿಜಾರು ಎಲ್ಲವೂ ಸೇರಿವೆ. ಜಿಲ್ಲೆಯ ಬಹುಪಾಲು ನೆಲ ಅರಣ್ಯ. ವಿಸ್ತಾರದಲ್ಲಿ ಬಹಳ ದೊಡ್ಡದಾದ ಜೊಯಿಡಾ ತಾಲ್ಲೂಕಿನಲ್ಲಿ ಕಾಡಿನ ನಡುವೆ ಚದುರಿದ ಪುಟ್ಟ ಊರುಗಳಿದ್ದರೆ, ಕುಮಟಾ, ಹೊನ್ನಾವರ, ಭಟ್ಕಳಗಳ ಕಿರಿದಾದ ಕರಾವಳಿ ಪಟ್ಟಿಯಲ್ಲಿ ಜನ ಒತ್ತಾಗಿ ನೆಲೆಸಿದ್ದಾರೆ. ನೀವು ಕಂಡದ್ದೂ ನಿಜ, ಪುಸ್ತಕದ ಅಂಕಿಯೂ ನಿಜ. ಪುಸ್ತಕದ್ದು ಇಡೀ ಜಿಲ್ಲೆಯ ಸರಾಸರಿ, ನೀವು ಕಂಡದ್ದು ಅದರ ಒಂದು ಅಂಚು.

ಈ ಕಾರಣಕ್ಕಾಗಿಯೇ ಭೂಗೋಳಜ್ಞರು ಒಂದಕ್ಕಿಂತ ಹೆಚ್ಚು ಬಗೆಯ ಸಾಂದ್ರತೆಯನ್ನು ಲೆಕ್ಕ ಹಾಕುತ್ತಾರೆ. ಒಟ್ಟು ಜನರನ್ನು ಒಟ್ಟು ನೆಲದಿಂದ ಭಾಗಿಸಿದ್ದು ಅಂಕಗಣಿತೀಯ ಸಾಂದ್ರತೆ. ಒಟ್ಟು ಜನರನ್ನು ಸಾಗುವಳಿಗೆ ಯೋಗ್ಯವಾದ ನೆಲದಿಂದ ಮಾತ್ರ ಭಾಗಿಸಿದರೆ, ಅನ್ನ ಕೊಡುವ ಭೂಮಿಯ ಮೇಲೆ ಎಷ್ಟು ಭಾರವಿದೆ ಎಂಬುದು ತಿಳಿಯುತ್ತದೆ. ಭಾಜ್ಯದಲ್ಲೂ ರೈತರು ಮತ್ತು ಕೃಷಿ ಕೂಲಿಕಾರರನ್ನಷ್ಟೇ ಉಳಿಸಿಕೊಂಡರೆ ಅದು ಕೃಷಿ ಸಾಂದ್ರತೆ. ಎರಡನೆಯ ಲೆಕ್ಕಕ್ಕೆ ಈಜಿಪ್ಟಿಗಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. ಆ ದೇಶದ ವಿಸ್ತೀರ್ಣ ಸುಮಾರು 10 ಲಕ್ಷ ಚದರ ಕಿಲೋಮೀಟರ್, ಜನಸಂಖ್ಯೆ 10 ಕೋಟಿಗೂ ಹೆಚ್ಚು. ಒಟ್ಟು ನೆಲದಿಂದ ಭಾಗಿಸಿದರೆ ಸಾಂದ್ರತೆ ನೂರರ ಮೇಲೆ ಸ್ವಲ್ಪವಷ್ಟೇ, ಅಂದರೆ ನಮ್ಮ ಕೊಡಗಿನ ಆಸುಪಾಸು. ಆದರೆ ಅಲ್ಲಿ ಕೃಷಿಗೆ ಒದಗುವ ನೆಲ ಶೇಕಡ 4ರ ಆಸುಪಾಸಿನದು, ಬಹುಪಾಲು ನೈಲ್ ಕಣಿವೆ ಮತ್ತು ಅದರ ಮುಖಜಭೂಮಿಯಲ್ಲಿದೆ. ಅದರಿಂದ ಭಾಗಿಸಿದಾಗ ಉತ್ತರ ಸಾವಿರಗಳಿಗೆ ಏರುತ್ತದೆ.

ಹೋಲಿಕೆಗೆ ಇರಲಿ ಎಂದು ಇನ್ನೆರಡು ಅಂಕಿಗಳನ್ನು ಕೊಡುತ್ತೇನೆ. 2011ರಲ್ಲಿ ಕರ್ನಾಟಕದ ಸಾಂದ್ರತೆ 319, ಭಾರತದ್ದು 382. ಬೆಂಗಳೂರು ನಗರ ಜಿಲ್ಲೆಯದು 4,000ವನ್ನು ದಾಟಿತ್ತು. ರಾಜ್ಯದ 319 ಎಂಬ ಸಂಖ್ಯೆಯಲ್ಲಿ ಬೆಂಗಳೂರೂ ಇದೆ, ಜೊಯಿಡಾವೂ ಇದೆ. ಪರೀಕ್ಷೆಯಲ್ಲಿ ಸಾಂದ್ರತೆಯ ಬಗ್ಗೆ ಬರೆಯುವಾಗ ಹಂಚಿಕೆಯ ಮಾತನ್ನು ಬಿಡಬೇಡಿ. ಎಷ್ಟು ಜನ ಎಂಬುದು ಸಾಂದ್ರತೆ. ಆ ಜನ ಯಾವ ಭಾಗದಲ್ಲಿ ಸೇರಿದ್ದಾರೆ, ಯಾವ ಭಾಗವನ್ನು ಬಿಟ್ಟಿದ್ದಾರೆ ಎಂಬುದು ಹಂಚಿಕೆ. ವಿದ್ಯಾರ್ಥಿಗಳು ಇವೆರಡನ್ನೂ ಒಂದೇ ಎಂದು ಬರೆದು ಅಂಕ ಕಳೆದುಕೊಳ್ಳುವುದನ್ನು ಪ್ರತಿ ವರ್ಷವೂ ಬೇಸರದಿಂದ ನೋಡುತ್ತೇನೆ.

ಉತ್ತರ 2 — ಶಿರಸಿ ಸೀಮೆಯವ

ಮೇಡಂ ಹೇಳಿದ್ದಕ್ಕೆ ನೆಲೆಗಳ ಸ್ವರೂಪವನ್ನೂ ಸೇರಿಸಬೇಕು ಎನ್ನಿಸುತ್ತದೆ. ಹಾವೇರಿ, ಗದಗಗಳಂಥ ಬಯಲುಸೀಮೆಯಲ್ಲಿ ಊರೆಂದರೆ ಮನೆಗೆ ಮನೆ ಅಂಟಿಕೊಂಡ ಒಂದು ಗುಂಪು. ಅದರ ಸುತ್ತ ಹೊಲ. ಇದು ಗುಂಪು ನೆಲೆ. ಬಾವಿ, ಕೆರೆಗಳಂಥ ನೀರಿನ ತಾಣ ಕೆಲವೇ ಇರುವಲ್ಲಿ, ದಾಳಿ ದರೋಡೆಗಳ ಭಯವಿದ್ದ ಕಾಲದಲ್ಲಿ, ಒಟ್ಟಾಗಿ ಇರುವುದೇ ಅನುಕೂಲವಾಗಿತ್ತು. ಘಟ್ಟದ ಮೇಲೆ ಹಾಗಿಲ್ಲ. ಮಳೆ ಧಾರಾಳ, ನೀರು ಎಲ್ಲೆಡೆ ಸಿಗುತ್ತದೆ, ಆದರೆ ಸಮತಟ್ಟಾದ ನೆಲ ಕಣಿವೆಯ ತಳದಲ್ಲಿ ಮಾತ್ರ. ಹೀಗಾಗಿ ಪ್ರತಿ ಕಣಿವೆಯಲ್ಲೂ ಒಂದು ಅಡಿಕೆ ತೋಟ, ತೋಟದ ತಲೆಯ ಮೇಲೆ ಒಂದೆರಡು ಮನೆ. ಇದು ಚದುರಿದ ನೆಲೆ. ಕಂದಾಯ ಇಲಾಖೆಯ ದಾಖಲೆಯಲ್ಲಿ ಒಂದೇ ಗ್ರಾಮವಾಗಿರುವ ಊರು ನೆಲದ ಮೇಲೆ ಹಲವು ಮಜರೆಗಳಾಗಿ ಹರಡಿರುತ್ತದೆ. ಒಂದು ಮಜರೆಯವರು ಇನ್ನೊಂದಕ್ಕೆ ಹೋಗಲು ಗುಡ್ಡ ಹತ್ತಿ ಇಳಿಯಬೇಕು. ಶಾಲೆ, ವಿದ್ಯುತ್ ತಂತಿ, ರಸ್ತೆಗಳನ್ನು ಒದಗಿಸುವ ಖರ್ಚು ಚದುರಿದ ನೆಲೆಗಳಲ್ಲಿ ಏಕೆ ಹೆಚ್ಚು ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ನಮ್ಮ ಕಡೆಯ ಸೊಪ್ಪಿನ ಬೆಟ್ಟಗಳು ಇನ್ನೊಂದು ಪರಿಕಲ್ಪನೆಯನ್ನು ತಿಳಿಸಲು ಬಹಳ ಸಹಾಯಕ. ಅಡಿಕೆ ತೋಟಕ್ಕೆ ಗೊಬ್ಬರ ಬೇಕು; ಗೊಬ್ಬರಕ್ಕೆ ಹಸಿ ಸೊಪ್ಪು ಮತ್ತು ದರಕು (ಉದುರಿದ ಒಣ ಎಲೆ) ಬೇಕು. ಇದಕ್ಕಾಗಿ ತೋಟಿಗರಿಗೆ ತೋಟದ ಪಕ್ಕದ ಕಾಡಿನಲ್ಲಿ ಸೊಪ್ಪು ಸವರುವ ಹಕ್ಕು ಬ್ರಿಟಿಷರ ಕಾಲದಿಂದಲೂ ದಾಖಲಾಗಿದೆ. ದೂರದಿಂದ ನೋಡಿದವರಿಗೆ ಅದು ಕಾಡು. ಹತ್ತಿರ ಹೋದರೆ ತಲೆಮಾರುಗಳ ಕಾಲ ಕೊಂಬೆ ಸವರಿದ ಮರಗಳು, ಯಾವುದನ್ನು ಉಳಿಸಬೇಕು ಯಾವುದನ್ನು ಬಿಡಬೇಕು ಎಂದು ಮನುಷ್ಯರು ಆರಿಸಿದ ಗುರುತುಗಳು ಕಾಣುತ್ತವೆ. ಪ್ರಕೃತಿ ಕೊಟ್ಟ ನೆಲದ ಮೇಲೆ ಒಂದು ಸಮುದಾಯ ತನ್ನ ಬದುಕಿನ ಮೂಲಕ ರೂಪಿಸಿದ ಇಂಥ ನೋಟವನ್ನು ಸಾಂಸ್ಕೃತಿಕ ಭೂದೃಶ್ಯ ಎನ್ನುತ್ತಾರೆ. 1925ರಲ್ಲಿ ಅಮೆರಿಕದ ಕಾರ್ಲ್ ಸಾವರ್ ಈ ವಿಚಾರವನ್ನು ಭೂಗೋಳದ ಕೇಂದ್ರಕ್ಕೆ ತಂದರು. ಮೈಸೂರು ಕಡೆಯ ಕೆರೆ, ಅದರ ಏರಿ, ತೂಬು, ಕೋಡಿ, ಊರಾಚೆಯ ಗುಂಡುತೋಪು ಇವೂ ಅದೇ ಬಗೆಯವು.

ಉತ್ತರ 3 — ಸಿಂಧನೂರಿನ ಶಿಕ್ಷಕ

ಸಹೋದರಿಯವರ ಎರಡನೆಯ ಪ್ರಶ್ನೆಗೆ ನಮ್ಮ ತಾಲ್ಲೂಕನ್ನೇ ಮುಂದಿಟ್ಟು ಉತ್ತರಿಸುತ್ತೇನೆ.

ಕೃಷ್ಣಾ ಮತ್ತು ತುಂಗಭದ್ರಾ ನಡುವಿನ ರಾಯಚೂರು ದೋಆಬಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್, ಅದೂ ನೆಚ್ಚಿಕೊಳ್ಳುವಂಥದ್ದಲ್ಲ. ಎರೆ ಭೂಮಿ ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಹಿಂಗಾರಿನಲ್ಲಿ ಬಿಳಿಜೋಳ, ಹತ್ತಿ, ಕುಸುಬೆ ಬೆಳೆಯುತ್ತಿದ್ದರು. ಊಟ ಜೋಳದ ರೊಟ್ಟಿ, ದನಕ್ಕೆ ಜೋಳದ ಸೊಪ್ಪೆ; ಮಳೆ ಕೈಕೊಟ್ಟ ವರ್ಷ ಗುಳೆ. ಜರ್ಮನಿಯ ಫ್ರೆಡ್ರಿಕ್ ರಾಟ್ಜೆಲ್ 1882ರಲ್ಲಿ ಮಾನವ ಭೂಗೋಳದ ತಮ್ಮ ಮೊದಲ ಸಂಪುಟವನ್ನು ಪ್ರಕಟಿಸಿದರು. ಅವರ ವಿಚಾರವನ್ನು ಇನ್ನಷ್ಟು ಬಿಗಿಗೊಳಿಸಿ ಇಂಗ್ಲಿಷ್ ಓದುಗರಿಗೆ ತಲುಪಿಸಿದವರು ಅವರ ಶಿಷ್ಯೆ, ಅಮೆರಿಕದ ಎಲೆನ್ ಸೆಂಪಲ್. ಆ ದೃಷ್ಟಿಯವರು 1940ರ ಸಿಂಧನೂರನ್ನು ನೋಡಿದ್ದರೆ, ಮಣ್ಣು ಮತ್ತು ಮಳೆಯೇ ಇಲ್ಲಿನ ಬೆಳೆಯನ್ನೂ ಊಟವನ್ನೂ ಜನರ ಓಡಾಟವನ್ನೂ ನಿರ್ಧರಿಸಿವೆ ಎನ್ನುತ್ತಿದ್ದರು. ಹಾಗೆ ಹೇಳಲು ಅವರಿಗೆ ಸಾಕಷ್ಟು ಆಧಾರವೂ ಸಿಗುತ್ತಿತ್ತು.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಗಿ ಎಡದಂಡೆ ಕಾಲುವೆಯಲ್ಲಿ ನೀರು ಬಂತು. ಮಣ್ಣು ಬದಲಾಗಲಿಲ್ಲ, ಮಳೆಯೂ ಬದಲಾಗಲಿಲ್ಲ. ಆದರೂ ಗಂಗಾವತಿ, ಕಾರಟಗಿ, ಸಿಂಧನೂರುಗಳು ಭತ್ತದ ಸೀಮೆಯಾದವು. ಭತ್ತದ ಕೃಷಿ ಬಲ್ಲ ರೈತರು ಕರಾವಳಿ ಆಂಧ್ರದಿಂದ ಬಂದು ಜಮೀನು ಕೊಂಡು ನೆಲೆಸಿದರು. ಅವರು ಕಟ್ಟಿಕೊಂಡ ಊರುಗಳಿಗೆ ಇಂದಿಗೂ ಕ್ಯಾಂಪ್ ಎಂದೇ ಹೆಸರು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ನಮ್ಮ ತಾಲ್ಲೂಕಿನಲ್ಲಿ ಪುನರ್ವಸತಿ ಕ್ಯಾಂಪುಗಳಾದವು. ಹೀಗೆ ಕನ್ನಡ, ತೆಲುಗು, ಬಂಗಾಳಿ ಮೂರೂ ಕೇಳಿಬರುವ ತಾಲ್ಲೂಕೊಂದು ಹುಟ್ಟಿತು. ವಿದಾಲ್ ದ ಲಾ ಬ್ಲಾಷ್ ಹೇಳಿದ್ದು ಇದನ್ನೇ: ಪ್ರಕೃತಿ ಹಲವು ದಾರಿಗಳನ್ನು ತೆರೆದಿಡುತ್ತದೆ, ಆರಿಸಿಕೊಳ್ಳುವುದು ಜನರ ಕೌಶಲ, ಅಭ್ಯಾಸ, ಸಂಘಟನೆಗೆ ಬಿಟ್ಟದ್ದು. ಈ ನಿಲುವಿಗೆ ಸಾಧ್ಯತಾವಾದವೆಂಬ ಹೆಸರು ಕೊಟ್ಟವರು ಇತಿಹಾಸಕಾರ ಲೂಸಿಯೆನ್ ಫೆವ್ರ್, 1922ರಲ್ಲಿ.

ಕಥೆ ಅಲ್ಲಿಗೆ ಮುಗಿದಿದ್ದರೆ ಸಾಧ್ಯತಾವಾದ ಗೆದ್ದಿತು ಎಂದು ಬರೆಯಬಹುದಿತ್ತು. ಎರೆ ಮಣ್ಣಿನಲ್ಲಿ ನೀರು ಸುಲಭವಾಗಿ ಬಸಿದು ಹೋಗುವುದಿಲ್ಲ. ವರ್ಷಕ್ಕೆ ಎರಡು ಸಲ ಗದ್ದೆಯಲ್ಲಿ ನೀರು ನಿಲ್ಲಿಸಿದ್ದರಿಂದ ಅಂತರ್ಜಲ ಮೇಲೇರಿತು, ಅದರೊಂದಿಗೆ ಲವಣವೂ ಮೇಲೆ ಬಂತು, ಅಚ್ಚುಕಟ್ಟಿನ ಸಾಕಷ್ಟು ಜಮೀನು ಸವಳು-ಜವಳಾಯಿತು. ಪ್ರಕೃತಿ ದಾರಿಯನ್ನು ನಿರ್ಧರಿಸದಿದ್ದರೂ ವೇಗಕ್ಕೆ ಮಿತಿ ಹಾಕುತ್ತದೆ ಎಂಬ ಗ್ರಿಫಿತ್ ಟೇಲರ್ ಅವರ ನವ ನಿಯತಿವಾದ ಇಲ್ಲಿ ನೆನಪಾಗಬೇಕು. ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿ ಅಪಾರ ಜನರನ್ನು ಸಾಕಬಲ್ಲದು ಎಂದು ಅಲ್ಲಿನವರು ಹುಮ್ಮಸ್ಸಿನಿಂದ ನಂಬಿದ್ದ 1920ರ ದಶಕದಲ್ಲಿ, ಅದು ಸಾಧ್ಯವಿಲ್ಲವೆಂದು ಸಾರಿ ಹೇಳಿ ಅವರು ಜನರ ಅಸಮಾಧಾನಕ್ಕೆ ಗುರಿಯಾದರು. ಮರುಭೂಮಿಯ ವಿಚಾರದಲ್ಲಿ ಅವರ ಮಾತು ಸರಿಯಾಗಿತ್ತು.

ನನ್ನ ಅಭಿಪ್ರಾಯದಲ್ಲಿ ಈ ಮೂರು ವಾದಗಳೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಸಾಧ್ಯತೆ ಯಾರಿಗೆ? ಯೋಜನೆಯ ಮೂಲ ಲೆಕ್ಕದಲ್ಲಿ ಎಡದಂಡೆಯ ಬಹುಪಾಲು ಜಮೀನಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನೇ ಗೊತ್ತುಪಡಿಸಲಾಗಿತ್ತು. ನೀರು ಹೆಚ್ಚು ಹೊಲಗಳಿಗೆ ತಲುಪಲಿ ಎಂಬುದು ಉದ್ದೇಶ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹರಡಿದಂತೆ ಕೊನೆಯ ಭಾಗದ ಮಾನ್ವಿ, ರಾಯಚೂರು ಕಡೆಯ ರೈತರು ನೀರಿಗಾಗಿ ಪ್ರತಿಭಟನೆಗೆ ಕೂರುವಂತಾಯಿತು. ಒಂದೇ ಮಣ್ಣು, ಒಂದೇ ಕಾಲುವೆ, ಆದರೆ ತೂಬಿನಿಂದ ಎಷ್ಟು ದೂರ ಎಂಬುದರ ಮೇಲೆ ಬದುಕು ಬೇರೆ. 1970ರ ದಶಕದಲ್ಲಿ ಭೂಗೋಳಜ್ಞ ಡೇವಿಡ್ ಹಾರ್ವೆ ಮೊದಲಾದವರು ಭೂಗೋಳದೊಳಗೆ ಅಧಿಕಾರ ಮತ್ತು ಹಂಚಿಕೆಯ ಪ್ರಶ್ನೆಯನ್ನು ತಂದದ್ದು ಇಂಥ ವ್ಯತ್ಯಾಸಗಳನ್ನು ವಿವರಿಸಲಿಕ್ಕಾಗಿಯೇ. ಯಾವುದು ಸರಿ ಎಂದು ತೀರ್ಪು ಕೊಡುವ ಬದಲು, ಒಂದೊಂದು ವಾದವೂ ಒಂದು ಪ್ರದೇಶದ ಚರಿತ್ರೆಯ ಯಾವ ಹಂತವನ್ನು ಚೆನ್ನಾಗಿ ವಿವರಿಸುತ್ತದೆ ಎಂದು ತೋರಿಸಿದರೆ ಉತ್ತರ ಗಟ್ಟಿಯಾಗುತ್ತದೆ.

ಉತ್ತರ 4 — ಭೂಗೋಳ ಉಪನ್ಯಾಸಕಿ, ಧಾರವಾಡ

ಸಿಂಧನೂರಿನ ಸರ್ ಬರೆದಿರುವುದನ್ನು ನನ್ನ ತರಗತಿಯಲ್ಲಿ ಬಳಸಿಕೊಳ್ಳುತ್ತೇನೆ, ಅನುಮತಿ ಇರಲಿ. ಒಂದೇ ಒಂದು ವಿಚಾರವನ್ನು ಸೇರಿಸಬೇಕು. ನಿಯತಿವಾದವನ್ನು ಮಣ್ಣು ಮತ್ತು ಬೆಳೆಯ ಮಟ್ಟಿಗೆ ಹೇಳಿದಾಗ ಅದು ನಿರುಪದ್ರವಿಯಾಗಿ ಕಾಣುತ್ತದೆ. ಅಮೆರಿಕದ ಎಲ್ಸ್‌ವರ್ತ್ ಹಂಟಿಂಗ್ಟನ್ 1915ರಲ್ಲಿ ಹವಾಮಾನವೇ ಜನರ ಕೆಲಸದ ಶಕ್ತಿಯನ್ನೂ ನಾಗರಿಕತೆಯನ್ನೂ ತೀರ್ಮಾನಿಸುತ್ತದೆ ಎಂದು ವಾದಿಸಿ, ವಾಯವ್ಯ ಯುರೋಪು ಮತ್ತು ಈಶಾನ್ಯ ಅಮೆರಿಕವನ್ನು ಮೇಲಿನ ಸಾಲಿನಲ್ಲಿಟ್ಟು ಲೋಕದ ನಕಾಶೆಯನ್ನೇ ರಚಿಸಿದರು. ಉಷ್ಣವಲಯದ ಜನ ಸ್ವಭಾವತಃ ಆಲಸಿಗಳು, ಆದ್ದರಿಂದ ಅವರನ್ನು ಇತರರು ಆಳುವುದು ಸಹಜ ಎಂಬ ವಸಾಹತುಶಾಹಿ ಮಾತಿಗೆ ಇದು ವಿಜ್ಞಾನದ ಮುದ್ರೆಯೊತ್ತಿತು. ನಿಯತಿವಾದದ ಮೇಲಿನ ಟೀಕೆಯನ್ನು ಬರೆಯುವಾಗ ಇದನ್ನು ಬಿಡುವುದು ದೊಡ್ಡ ಲೋಪ ಎಂದೇ ನಾನು ಭಾವಿಸುತ್ತೇನೆ.

ಹಾವೇರಿಯ ಅಭ್ಯರ್ಥಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಮೊದಲ ಎರಡು ಪ್ರಶ್ನೆಗಳು ನನ್ನ ಮಟ್ಟಿಗೆ ಬಗೆಹರಿದವು. ಚಿಕ್ಕಮಗಳೂರಿನ ಪ್ರಶ್ನೆ ಹಾಗೆಯೇ ಉಳಿದಿದೆ. ಅದರೊಂದಿಗೆ ಇನ್ನೊಂದನ್ನೂ ಕೇಳುತ್ತೇನೆ: ಒಂದು ಊರು ನಗರವೋ ಗ್ರಾಮವೋ ಎಂದು ಜನಗಣತಿಯವರು ಯಾವ ಆಧಾರದ ಮೇಲೆ ಹೇಳುತ್ತಾರೆ? ಗ್ರಾಮ ಪಂಚಾಯಿತಿ ಇರುವ ಊರನ್ನೂ ಪಟ್ಟಣವೆಂದು ಪಟ್ಟಿ ಮಾಡಿರುವುದನ್ನು ನೋಡಿದೆ.

ಉತ್ತರ 5 — ಉಡುಪಿಯ ನಿವೃತ್ತ ಶಿಕ್ಷಕ

ಜನಗಣತಿಯ ಕೆಲಸ ಮಾಡಿದವನಾದ್ದರಿಂದ ಈ ಎರಡಕ್ಕೂ ಉತ್ತರಿಸುವ ಧೈರ್ಯ ಮಾಡುತ್ತೇನೆ.

ಒಂದು ಪ್ರದೇಶದ ಜನಸಂಖ್ಯೆ ಬದಲಾಗುವುದು ನಾಲ್ಕು ಕಾರಣಗಳಿಂದ ಮಾತ್ರ: ಜನನ, ಮರಣ, ಒಳವಲಸೆ, ಹೊರವಲಸೆ. ಜನನದಲ್ಲಿ ಮರಣವನ್ನು ಕಳೆದರೆ ಸಹಜ ಹೆಚ್ಚಳ. ಒಳಬಂದವರಲ್ಲಿ ಹೊರಹೋದವರನ್ನು ಕಳೆದರೆ ನಿವ್ವಳ ವಲಸೆ. ಚಿಕ್ಕಮಗಳೂರಿನಲ್ಲಿ ಆ ಹತ್ತು ವರ್ಷಗಳಲ್ಲಿಯೂ ಹುಟ್ಟಿದವರು ಸತ್ತವರಿಗಿಂತ ಹೆಚ್ಚೇ ಇದ್ದರು. ಆದರೆ ಮಲೆನಾಡಿನಲ್ಲಿ ಹೆರಿಗೆಗಳ ಪ್ರಮಾಣ ಮೊದಲೇ ಇಳಿದಿತ್ತು, ಸಹಜ ಹೆಚ್ಚಳ ಸಣ್ಣದಾಗಿತ್ತು. ಓದಿದ ಯುವಕ ಯುವತಿಯರು ಬೆಂಗಳೂರಿನ ಕಡೆ ಹೊರಟಾಗ ಆ ಸಣ್ಣ ಹೆಚ್ಚಳ ಕರಗಿ ಲೆಕ್ಕ ಕೆಳಗಿಳಿಯಿತು. ಅದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆ ಶೇಕಡ 47ರಷ್ಟು ಬೆಳೆಯಿತು. ಹೊರಟುಹೋಗುವವರು ಹೆರುವ ವಯಸ್ಸಿನವರೇ ಆದ್ದರಿಂದ ಮುಂದಿನ ತಲೆಮಾರಿನ ಜನನವೂ ಅವರೊಂದಿಗೆ ಹೋಗುತ್ತದೆ, ಉಳಿದವರಲ್ಲಿ ಹಿರಿಯರ ಪಾಲು ಏರುತ್ತದೆ. ಕಾಫಿ ತೋಟಗಳಿಗೆ ಅಸ್ಸಾಮಿನಂಥ ದೂರದ ರಾಜ್ಯಗಳಿಂದ ಕಾರ್ಮಿಕರು ಬರುತ್ತಿರುವುದು ಇದರ ಇನ್ನೊಂದು ಮುಖ.

ವಲಸೆಯ ಗುರುತು ಲಿಂಗಾನುಪಾತದಲ್ಲೂ ಕಾಣುತ್ತದೆ. 2011ರಲ್ಲಿ ನಮ್ಮ ಉಡುಪಿಯಲ್ಲಿ 1,000 ಗಂಡಸರಿಗೆ 1,094 ಹೆಂಗಸರು. ಬೆಂಗಳೂರು ನಗರ ಜಿಲ್ಲೆಯಲ್ಲಿ 916. ಇದನ್ನು ನೋಡಿ ಹೆಣ್ಣುಮಕ್ಕಳಿಗೆ ಉಡುಪಿಯೇ ಶ್ರೇಷ್ಠ ಎಂದು ಬರೆದುಬಿಡುವವರಿದ್ದಾರೆ. ಆರು ವರ್ಷದೊಳಗಿನ ಮಕ್ಕಳ ಅನುಪಾತವನ್ನು ತೆಗೆದು ನೋಡಿದರೆ ಉಡುಪಿಯಲ್ಲೂ ಅದು 1,000ಕ್ಕಿಂತ ಕಡಿಮೆ. ದೊಡ್ಡವರಲ್ಲಿ ಹೆಂಗಸರು ಹೆಚ್ಚಾಗಿ ಕಾಣುವುದಕ್ಕೆ ಮುಖ್ಯ ಕಾರಣ, ನಮ್ಮ ಗಂಡಸರು ಮುಂಬಯಿಯ ಹೋಟೆಲುಗಳಲ್ಲಿ, ಕೊಲ್ಲಿ ದೇಶಗಳಲ್ಲಿ, ಬೆಂಗಳೂರಿನಲ್ಲಿ ಎಣಿಕೆಯಾಗುತ್ತಿರುವುದು. ಅನುಪಾತವನ್ನು ವಯಸ್ಸಿನ ಗುಂಪಿನೊಂದಿಗೆ ಸೇರಿಸಿಯೇ ಓದಬೇಕು.

ವಲಸೆಯ ಕಾರಣಗಳನ್ನು ತಳ್ಳುವ ಅಂಶ, ಸೆಳೆಯುವ ಅಂಶ ಎಂದು ಎರಡೇ ಭಾಗ ಮಾಡುವುದು ರೂಢಿ. 1966ರಲ್ಲಿ ಎವರೆಟ್ ಲೀ ಇನ್ನೆರಡನ್ನು ಹೇಳಿದ್ದರು, ಅವನ್ನು ಬಿಡಬಾರದು: ನಡುವಿನ ಅಡೆತಡೆಗಳು ಮತ್ತು ವ್ಯಕ್ತಿಯ ಸ್ವಂತ ಪರಿಸ್ಥಿತಿ. ಯಾದಗಿರಿಯ ಒಂದೇ ಊರಿನಲ್ಲಿ ಒಂದೇ ಬರ ಬಿದ್ದಾಗ ಒಂದು ಮನೆಯವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ, ಪಕ್ಕದ ಮನೆಯವರು ಉಳಿಯುತ್ತಾರೆ. ಮೇಸ್ತ್ರಿಯ ಮುಂಗಡ, ಮೊದಲೇ ಹೋಗಿರುವ ನೆಂಟರು, ನೋಡಿಕೊಳ್ಳಬೇಕಾದ ಮುದುಕರು ಇವೆಲ್ಲ ಸೇರಿ ಅದನ್ನು ತೀರ್ಮಾನಿಸುತ್ತವೆ. ಇನ್ನೂ ಒಂದು ಸಂಗತಿ: ಜನಗಣತಿ ವಲಸಿಗರನ್ನು ಗುರುತಿಸುವುದು ಹುಟ್ಟಿದ ಸ್ಥಳ ಮತ್ತು ಹಿಂದಿನ ವಾಸಸ್ಥಳದಿಂದ. ಹೀಗಾಗಿ ಮದುವೆಯಾಗಿ ಗಂಡನ ಊರಿಗೆ ಹೋದ ಪ್ರತಿ ಹೆಣ್ಣುಮಗಳೂ ವಲಸಿಗಳೇ, ಮತ್ತು ದೇಶದ ವಲಸೆಯ ಕಾರಣಗಳಲ್ಲಿ ಮದುವೆಯದೇ ದೊಡ್ಡ ಪಾಲು. ಸುಗ್ಗಿ ಮುಗಿಸಿ ಹೋಗಿ ಮುಂಗಾರಿಗೆ ಮರಳುವ ಗುಳೆಯ ಕುಟುಂಬ ಮಾತ್ರ ಈ ಲೆಕ್ಕದಲ್ಲಿ ಸರಿಯಾಗಿ ಮೂಡುವುದಿಲ್ಲ. 2011ರ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ, ಅಂದರೆ ಅವರು ಊರಲ್ಲಿ ಇಲ್ಲದ ತಿಂಗಳಲ್ಲಿ. ಅತಿ ಹೆಚ್ಚು ಕಷ್ಟದಲ್ಲಿ ಓಡಾಡುವವರೇ ಅಂಕಿಅಂಶದಲ್ಲಿ ಅತಿ ಮಸುಕಾಗಿರುವುದು ನನ್ನನ್ನು ಇಂದಿಗೂ ಕಾಡುತ್ತದೆ.

ನಗರದ ವಿಚಾರ. ನಗರಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಇರುವ ಊರುಗಳು ಶಾಸನಬದ್ಧ ಪಟ್ಟಣಗಳು. ಇವಿಲ್ಲದಿದ್ದರೂ ಮೂರು ಷರತ್ತುಗಳನ್ನು ಪೂರೈಸುವ ಊರನ್ನು ಗಣತಿಯವರು ಜನಗಣತಿ ಪಟ್ಟಣ ಎನ್ನುತ್ತಾರೆ: ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ ಕನಿಷ್ಠ 400 ಸಾಂದ್ರತೆ, ಮತ್ತು ದುಡಿಯುವ ಪುರುಷರಲ್ಲಿ ಶೇಕಡ 75ರಷ್ಟಾದರೂ ಕೃಷಿಯೇತರ ಕೆಲಸದಲ್ಲಿರಬೇಕು. ಮೂರನೆಯ ಷರತ್ತಿನಲ್ಲಿ ಮಹಿಳೆಯರ ದುಡಿಮೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂಬುದನ್ನು ಗಮನಿಸಿ. ಕೇರಳದಲ್ಲಿ 2001ರಲ್ಲಿ 99 ಇದ್ದ ಜನಗಣತಿ ಪಟ್ಟಣಗಳು 2011ರಲ್ಲಿ 461 ಆದವು. ಅಲ್ಲಿನ ನಗರ ಜನಸಂಖ್ಯೆಯ ಪಾಲು ಶೇಕಡ 26ರಿಂದ ಸುಮಾರು 48ಕ್ಕೆ ಜಿಗಿದದ್ದು ಬಹುಮಟ್ಟಿಗೆ ಹೀಗೆ. ಹಳ್ಳಿಯ ಜನ ಊರು ಬಿಟ್ಟು ನಗರ ಸೇರಿದ್ದರಿಂದಲ್ಲ, ಇದ್ದ ಊರಿನಲ್ಲೇ ಅವರ ಕಸುಬು ಬದಲಾದದ್ದರಿಂದ. ಆಡಳಿತ ಮಾತ್ರ ಬದಲಾಗುವುದಿಲ್ಲ. ಜನಗಣತಿ ಪಟ್ಟಣ ಗ್ರಾಮ ಪಂಚಾಯಿತಿಯ ಕೈಯಲ್ಲೇ ಉಳಿಯುತ್ತದೆ. ಚರಂಡಿ, ಕಸ, ಕುಡಿಯುವ ನೀರಿನ ನಗರದ ಹೊರೆಯನ್ನು ಪಂಚಾಯಿತಿಯ ವರಮಾನದಲ್ಲೇ ಹೊರಬೇಕಾಗುತ್ತದೆ. ನೀವು ಪಟ್ಟಿಯಲ್ಲಿ ನೋಡಿದ ಊರು ಇಂಥದ್ದೇ ಆಗಿರಬೇಕು. ನಿಮ್ಮ ಜಿಲ್ಲೆಯ ಜನಗಣತಿ ಕೈಪಿಡಿಯಲ್ಲಿ ಪ್ರತಿ ಗ್ರಾಮದ ಜನಸಂಖ್ಯೆಯೂ ವಿಸ್ತೀರ್ಣವೂ ಸಿಗುತ್ತದೆ. ಮೊದಲ ಎರಡು ಷರತ್ತುಗಳನ್ನು ಅದರಿಂದ ನೀವೇ ಲೆಕ್ಕ ಹಾಕಿ ನೋಡಬಹುದು.